ಭಾರೀ ನೆರಳಿನಲ್ಲೂ ನನ್ನ ಸಿಗ್ನಲ್ ಬೀಳುತ್ತಿಲ್ಲ: ಲೂ ಮಾದರಿಯನ್ನು ನಮ್ಮ ರಸ್ತೆಗಳಿಗೆ ಹೊಂದಿಸುವುದು ಹೇಗೆ?

ಎಂಟೆಕ್_ಎರಡನೇ_ವರ್ಷ

ಎಲ್ಲರಿಗೂ ನಮಸ್ಕಾರ. ಬಸ್ಸು, ಲಾರಿಗಳ ಚಾವಣಿಯ ಮೇಲೆ ಕೂರಿಸುವ ಚಿಕ್ಕ ಉಪಗ್ರಹ ಟರ್ಮಿನಲ್ಲಿಗೆ ಸಿಗ್ನಲ್ ಹೇಗೆ ಏರಿಳಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದು ನನ್ನ ಪ್ರಾಜೆಕ್ಟು. ಉಪಗ್ರಹವು 83 ಡಿಗ್ರಿ ಪೂರ್ವ ರೇಖಾಂಶದ ಭೂಸ್ಥಿರ ಕಕ್ಷೆಯಲ್ಲಿದೆ ಎಂದು, ಅಂದರೆ ಜಿಸ್ಯಾಟ್-6 ಇರುವ ಜಾಗದಲ್ಲಿದೆ ಎಂದು ಇಟ್ಟುಕೊಂಡಿದ್ದೇನೆ. ಆವರ್ತನ ಎಸ್ ಬ್ಯಾಂಡಿನ ಸುಮಾರು 2.5 ಗಿಗಾಹರ್ಟ್ಸ್, ವಾಹನ ಓಡುವುದು ಬೆಂಗಳೂರಿನಲ್ಲಿ.

ಮಾದರಿಗಾಗಿ 1985ರಲ್ಲಿ ಸಂಶೋಧಕ ಲೂ ಪ್ರಕಟಿಸಿದ್ದನ್ನೇ ಆರಿಸಿಕೊಂಡೆ. ಅದರ ಪ್ರಕಾರ ಉಪಗ್ರಹದಿಂದ ನೇರವಾಗಿ ಬರುವ ಕಿರಣವು ಮರಗಳ ಮರೆಯಲ್ಲಿ ಲಾಗ್‌ನಾರ್ಮಲ್ ವಿತರಣೆಯಂತೆ (ಲಾಗರಿದಮ್ ತೆಗೆದರೆ ಗೌಸ್ ವಿತರಣೆ ಬರುವಂಥದ್ದು) ಏರಿಳಿಯುತ್ತದೆ, ಸುತ್ತಲಿನಿಂದ ಚದುರಿ ಬರುವ ಕಿರಣಗಳ ಮೊತ್ತವು ರೇಲೀ ವಿತರಣೆಯಂತೆ ವರ್ತಿಸುತ್ತದೆ, ಆಂಟೆನಾಕ್ಕೆ ಸಿಗುವುದು ಇವೆರಡರ ಕೂಟ. ಭಾರೀ ನೆರಳಿನ ಸ್ಥಿತಿಗೆ ಎಲ್ಲರೂ ಬಳಸುವ ಬೆಲೆಗಳನ್ನೇ ಹಾಕಿದ್ದೇನೆ: ಲಾಗ್‌ನಾರ್ಮಲ್ಲಿನ ಸರಾಸರಿ -3.914, ಮಾನಕ ವಿಚಲನೆ 0.806, ಚದುರಿದ ಕಿರಣಗಳಿಗೆ 0.063. ಪ್ರಕಟವಾದ ರೇಖೆಗಳಲ್ಲಿ ಶೇಕಡಾ 1ರಷ್ಟು ಸಮಯ ಸಿಗ್ನಲ್ ತೆರೆದ ಬಯಲಿನ ಮಟ್ಟಕ್ಕಿಂತ ಸುಮಾರು 29 ಡೆಸಿಬೆಲ್ ಕೆಳಗೆ ಹೋಗಿದ್ದರೆ, ನನ್ನ ರೇಖೆ 16 ಡೆಸಿಬೆಲ್ಲಿಗೇ ನಿಂತುಬಿಡುತ್ತದೆ. ಮಾರ್ಗದರ್ಶಕರು ನೋಡಿ, ಮರದಡಿ ನಿಂತವನಿಗೆ ಇಷ್ಟು ಒಳ್ಳೆಯ ಸಿಗ್ನಲ್ ಕೊಟ್ಟ ಪುಣ್ಯಾತ್ಮ ಯಾರು ಎಂದು ಕೇಳಿದರು. ತಪ್ಪು ಎಲ್ಲಿದೆ? ಲೂ ಮಾದರಿಯನ್ನೇ ಬಿಟ್ಟು, 1991ರಲ್ಲಿ ಲುಟ್ಸ್ ಮತ್ತು ಸಂಗಡಿಗರು ಕೊಟ್ಟ ಎರಡು ಸ್ಥಿತಿಗಳ ಮಾದರಿಗೆ ಹೋಗಬೇಕೆ?

ಲಘುಗಣಕ

ಮಾದರಿಯನ್ನು ಬಿಡುವ ಮುನ್ನ ಒಂದು ಮಾತು. ಆ -3.914 ಎಂಬುದನ್ನು ನೀವು ಡೆಸಿಬೆಲ್ ಎಂದು ಓದಿಕೊಂಡಿದ್ದೀರಿ ಎಂದು ಪಣ ಕಟ್ಟುತ್ತೇನೆ.

ಎಂಟೆಕ್_ಎರಡನೇ_ವರ್ಷ

ಈಗಷ್ಟೇ ಕೋಡ್ ತೆರೆದು ನೋಡಿದೆ. ಇಪ್ಪತ್ತರಿಂದ ಭಾಗಿಸಿ ಹತ್ತರ ಘಾತಕ್ಕೆ ಏರಿಸಿದ್ದೇನೆ. ಅದು ಡೆಸಿಬೆಲ್ ಅಲ್ಲದಿದ್ದರೆ ಮತ್ತೇನು?

ಲಘುಗಣಕ

ಅದು ಸ್ವಾಭಾವಿಕ ಲಾಗರಿದಮ್ಮಿನ ಬೆಲೆ, ಅಂದರೆ ನೇಪರ್. ಡೆಸಿಬೆಲ್ಲಿಗೆ ತರಬೇಕಾದರೆ 8.686ರಿಂದ ಗುಣಿಸಬೇಕು. -3.914 ಎಂಬುದು -34 ಡೆಸಿಬೆಲ್ ಆಗುತ್ತದೆ, 0.806 ಎಂಬುದು 7 ಡೆಸಿಬೆಲ್ ಆಗುತ್ತದೆ. ಮೂರನೆಯ ಬೆಲೆಯನ್ನು ಎರಡರಿಂದ ಗುಣಿಸಿದರೆ ಚದುರಿದ ಕಿರಣಗಳ ಒಟ್ಟು ಶಕ್ತಿ 0.126, ಅಂದರೆ -9 ಡೆಸಿಬೆಲ್. ಈಗ ಚಿತ್ರವನ್ನು ನೋಡಿ: ನೇರ ಕಿರಣ -34ರಲ್ಲಿ ಹೂತುಹೋಗಿದೆ, ಚದುರಿದ್ದು ಮಾತ್ರ -9ರಲ್ಲಿ ಉಳಿದಿದೆ, ಹೀಗಾಗಿ ಕೂಟವು ಬಹುಮಟ್ಟಿಗೆ ಶುದ್ಧ ರೇಲೀ. ರೇಲೀಯಲ್ಲಿ ಶೇಕಡಾ 1ರ ಮಟ್ಟ ಸರಾಸರಿ ಶಕ್ತಿಗಿಂತ 20 ಡೆಸಿಬೆಲ್ ಕೆಳಗಿರುತ್ತದೆ. 9ಕ್ಕೆ 20 ಸೇರಿಸಿದರೆ ನಿಮಗೆ ಬೇಕಾದ 29 ಸಿಕ್ಕಿತು. ನೀವು ಮಾಡಿದ್ದೇನೆಂದರೆ ನೇರ ಕಿರಣವನ್ನು -3.9 ಡೆಸಿಬೆಲ್ಲಿನಲ್ಲಿ ಜೀವಂತವಾಗಿ ಉಳಿಸಿದ್ದು. ಅದು ಚದುರಿದ ಕಿರಣಗಳಿಗಿಂತ 5 ಡೆಸಿಬೆಲ್ ಮೇಲಿದೆ, ಆದ್ದರಿಂದ ನಿಮ್ಮ ಭಾರೀ ನೆರಳು ಎಂಬುದು ಸಾಕಷ್ಟು ಸೌಮ್ಯವಾದ ರೈಸ್ ವಿತರಣೆ (ಸ್ಥಿರವಾದ ನೇರ ಕಿರಣದ ಜೊತೆ ಚದುರಿದವು ಕೂಡಿದಾಗ ಬರುವಂಥದ್ದು) ಆಗಿಬಿಟ್ಟಿದೆ. ಆ ಪುಣ್ಯಾತ್ಮ ನೀವೇ.

ನಾಚಿಕೊಳ್ಳಬೇಡಿ. ಹಗುರ ನೆರಳಿನ ಬೆಲೆ 0.115 ಆಗಿರುವುದರಿಂದ ಅಲ್ಲಿ ಎರಡು ಓದಿಗೂ ಒಂದು ಡೆಸಿಬೆಲ್ಲಿನಷ್ಟೂ ವ್ಯತ್ಯಾಸ ಬರುವುದಿಲ್ಲ, ಹಾಗಾಗಿ ತಪ್ಪು ಅಡಗಿ ಕೂರುತ್ತದೆ.

ಸಾಲುಮರ

ಲಘುಗಣಕರ ಲೆಕ್ಕ ಸರಿಯಾಗಿದೆ. ಆದರೆ ಸರಿಯಾಗಿ ಗುಣಿಸಿದ ಮಾತ್ರಕ್ಕೆ ಆ ಅಂಕಿಗಳು ಬೆಂಗಳೂರಿನವಾಗುವುದಿಲ್ಲ ಎಂಬುದು ನನ್ನ ತಕರಾರು. ಅವು ಕೆನಡಾದ ಹಳ್ಳಿಗಾಡಿನ ರಸ್ತೆಗಳಲ್ಲಿ ಅಳೆದ ಅಂಕಿಗಳಿಂದ ಬಂದವು. ಕೆನಡಾದ ರಾಜಧಾನಿ ಒಟ್ಟಾವಾ 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಲ್ಲಿಂದ ಯಾವ ಭೂಸ್ಥಿರ ಉಪಗ್ರಹವೂ ದಿಗಂತದಿಂದ 38 ಡಿಗ್ರಿಗಿಂತ ಮೇಲೆ ಕಾಣಿಸಲು ಸಾಧ್ಯವೇ ಇಲ್ಲ. ಬೆಂಗಳೂರು 13 ಡಿಗ್ರಿಯಲ್ಲಿದೆ; 83 ಡಿಗ್ರಿ ಪೂರ್ವದ ಉಪಗ್ರಹ ನಮಗೆ ಸುಮಾರು 73 ಡಿಗ್ರಿ ಎತ್ತರದಲ್ಲಿ, ದಕ್ಷಿಣಕ್ಕೆ ತುಸು ಪೂರ್ವದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ ಇರುತ್ತದೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಹೈಸ್ಕೂಲಿನ ತ್ರಿಕೋನಮಿತಿ ಸಾಕು. 20 ಮೀಟರ್ ಎತ್ತರದ ಕಟ್ಟಡ 35 ಡಿಗ್ರಿಯ ಉಪಗ್ರಹಕ್ಕೆ ಅಡ್ಡಬಂದು 28.5 ಮೀಟರ್ ಉದ್ದದ ನೆರಳು ಚೆಲ್ಲುತ್ತದೆ, ಅಂದರೆ ರಸ್ತೆಯೇ ಮುಳುಗುತ್ತದೆ. ಅದೇ ಕಟ್ಟಡದ ನೆರಳು 73 ಡಿಗ್ರಿಗೆ 6 ಮೀಟರ್ ಮಾತ್ರ, ಬಹಳವೆಂದರೆ ಪಾದಚಾರಿ ಮಾರ್ಗ ದಾಟಿ ಒಂದು ಪಥವನ್ನು ಮುಟ್ಟೀತು. ನಮ್ಮ ಊರಿನಲ್ಲಿ ಉಪಗ್ರಹವನ್ನು ಮರೆಮಾಡುವುದು ರಸ್ತೆಯ ಪಕ್ಕದಲ್ಲಿರುವುದಲ್ಲ, ರಸ್ತೆಯ ಮೇಲಿರುವುದು: ಎರಡು ಬದಿಯಿಂದ ಬಾಗಿ ಕೈಕೈ ಹಿಡಿದುಕೊಂಡ ಮಳೆಮರಗಳು, ಮೇಲ್ಸೇತುವೆಗಳು, ಮೆಟ್ರೊ ಹಳಿ ಹೊತ್ತ ಕಾಂಕ್ರೀಟು. ಪೂರ್ವ ಪಶ್ಚಿಮವಾಗಿ ಹಾಯುವ 12 ಮೀಟರ್ ಎತ್ತರದ ಮೇಲ್ಸೇತುವೆಯ ನೆರಳು ಉತ್ತರದ ಕಡೆಗೆ ಮೂರು ಮೀಟರಿನಷ್ಟು ಜರುಗಿರುತ್ತದೆ, ಹೀಗಾಗಿ ಒಂದು ದಿಕ್ಕಿಗೆ ಹೋಗುವ ಬಸ್ಸಿಗೂ ಎದುರಿನಿಂದ ಬರುವ ಬಸ್ಸಿಗೂ ಚಾನೆಲ್ ಒಂದೇ ಆಗಿರುವುದಿಲ್ಲ. ಒಟ್ಟಾವಾದ ಅಂಕಿಗಳಲ್ಲಿ ಇದನ್ನು ಎಲ್ಲಿ ಹುಡುಕುತ್ತೀರಿ?

ಗಣಿತಪ್ರಿಯ

ಸಾಲುಮರ ಅವರು ಮಾದರಿಯನ್ನೂ ಅದರ ನಿಯತಾಂಕಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಎಸೆಯುತ್ತಿದ್ದಾರೆ. ಎಲೆಗಳ ನಡುವೆ ಹಾದುಬರುವ ಕಿರಣಕ್ಕೆ ಒಂದರ ಮೇಲೊಂದು ಗುಣಕಗಳು ಸೇರುತ್ತವೆ, ಗುಣಕಗಳ ಲಾಗರಿದಮ್ಮುಗಳನ್ನು ಕೂಡಿದರೆ ಗೌಸ್ ವಿತರಣೆಯ ಕಡೆಗೆ ಹೋಗುತ್ತದೆ. ಈ ಕಾರಣ ಕೆನಡಾದ ಮೇಪಲ್ ಮರಕ್ಕೂ ನಮ್ಮ ಮಳೆಮರಕ್ಕೂ ಸಮಾನ. ಲೂ ಮಾದರಿಯ ಆಕಾರ ಉಳಿಯಲಿ, ಮೂರು ಅಂಕಿಗಳನ್ನು ಬದಲಿಸಿಕೊಳ್ಳಿ.

ಲೂ ಮಾದರಿಯಲ್ಲಿ ಬೇಜಾರಿನ ಸಂಗತಿ ಎಂದರೆ ವಿತರಣೆಯ ಸೂತ್ರ ಅನುಕಲನದ ಒಳಗೇ ಸಿಕ್ಕಿಕೊಂಡಿರುತ್ತದೆ. 2003ರಲ್ಲಿ ಅಬ್ದಿ, ಲಾವ್, ಅಲೂಯಿನಿ ಮತ್ತು ಕಾವೆ ನೇರ ಕಿರಣಕ್ಕೆ ಲಾಗ್‌ನಾರ್ಮಲ್ ಬದಲು ನಾಕಾಗಾಮಿ ವಿತರಣೆಯನ್ನು ಇಟ್ಟರು, ಆಗ ಎಲ್ಲವೂ ಸಿದ್ಧ ಸೂತ್ರವಾಗಿ ಹೊರಬಂದಿತು. ದೋಷದ ಪ್ರಮಾಣವನ್ನು ಕಾಗದದ ಮೇಲೆ ಲೆಕ್ಕ ಹಾಕಬೇಕೆಂದಿದ್ದರೆ ಅದನ್ನೇ ಬಳಸಿ.

ಸಾಲುಮರ

ಆಕಾರ ಉಳಿಯಲಿ ಎನ್ನುವುದು ಮರದ ಮಟ್ಟಿಗೆ ಒಪ್ಪಿಗೆ. ಕಾಂಕ್ರೀಟಿನ ಕೆಳಗೆ ಯಾವ ಎಲೆ, ಯಾವ ಗುಣಕ? ಅಲ್ಲಿ ಸಿಗ್ನಲ್ ಇದೆ ಅಥವಾ ಇಲ್ಲ. ಒಂದೇ ಲಾಗ್‌ನಾರ್ಮಲ್ ರೇಖೆಯ ಕೆಳಗೆ ಎರಡನ್ನೂ ತುರುಕಿದರೆ ಮಾನಕ ವಿಚಲನೆ ಊದಿಕೊಂಡು, ಮರಕ್ಕೂ ಸುಳ್ಳು, ಸೇತುವೆಗೂ ಸುಳ್ಳು ಆಗುತ್ತದೆ.

ಬೆಳ್ಳಂದೂರು_ಬಸ್ಸು

ಸೇತುವೆಯ ಕೆಳಗೆ ಸಿಗ್ನಲ್ ಇಲ್ಲ ಎಂದು ತಿಳಿಯಲು ಉಪಗ್ರಹವೇ ಬೇಕೆ? ಅಲ್ಲಿ ನನಗೆ ಮನೆಯ ಫೋನ್ ಕರೆಯೂ ಬರುವುದಿಲ್ಲ, ಅದೊಂದು ನೆಮ್ಮದಿ.

ಹಳೆಯ_ರಿಸೀವರ್

ಮೂಲ ಪ್ರಶ್ನೆಯ ಎರಡನೆಯ ಭಾಗಕ್ಕೆ ಯಾರೂ ಉತ್ತರಿಸಲಿಲ್ಲ. ಲುಟ್ಸ್ ಮಾದರಿ ಹುಟ್ಟಿದ್ದೇ ಸಾಲುಮರ ಹೇಳಿದ ತೊಡಕಿನಿಂದ. ಯುರೋಪಿನ ನಗರಗಳಲ್ಲಿ ಎಲ್ ಬ್ಯಾಂಡಿನ ಉಪಗ್ರಹ ಸಂಕೇತವನ್ನು ಕಾರಿನಲ್ಲಿ ದಾಖಲಿಸಿದಾಗ ಅಂಕಿಗಳು ಎರಡು ಗುಂಪುಗಳಾಗಿ ಒಡೆದವು. ಒಳ್ಳೆಯ ಸ್ಥಿತಿಯಲ್ಲಿ ನೇರ ಕಿರಣವಿದೆ, ರೈಸ್ ವಿತರಣೆ. ಕೆಟ್ಟ ಸ್ಥಿತಿಯಲ್ಲಿ ನೇರ ಕಿರಣವಿಲ್ಲ, ರೇಲೀ ವಿತರಣೆಯ ಸರಾಸರಿ ಶಕ್ತಿಯೇ ಲಾಗ್‌ನಾರ್ಮಲ್ಲಾಗಿ ತೂಗಾಡುತ್ತದೆ. ಎಷ್ಟು ಭಾಗ ಸಮಯ ಕೆಟ್ಟ ಸ್ಥಿತಿಯಲ್ಲಿರುತ್ತೀರಿ ಎಂಬ ಒಂದೇ ಅಂಕಿ ಇಡೀ ಊರಿನ ಗುಣವನ್ನು ಹೇಳಿಬಿಡುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿಯುವುದನ್ನು ಮಾರ್ಕೊವ್ ಸರಪಳಿ (ಮುಂದಿನ ಸ್ಥಿತಿಯ ಸಂಭವ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸಿರುವ ವ್ಯವಸ್ಥೆ) ನಿರ್ಧರಿಸುತ್ತದೆ. ಸ್ಪೇನಿನ ವೀಗೊದ ಪೆರೆಸ್ ಫಾಂಟಾನ್ ಮತ್ತು ಸಂಗಡಿಗರು 2001ರಲ್ಲಿ ಸ್ಥಿತಿಗಳನ್ನು ಮೂರು ಮಾಡಿ, ಪ್ರತಿಯೊಂದರ ಒಳಗೂ ಲೂ ವಿತರಣೆಯನ್ನೇ ಕೂರಿಸಿದರು. ಆದ್ದರಿಂದ ಲೂ ಬೇಕೋ ಲುಟ್ಸ್ ಬೇಕೋ ಎಂಬ ಜಗಳ 2001ಕ್ಕೇ ರಾಜಿಯಾಗಿದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.681 ಶಿಫಾರಸನ್ನು ಓದಿ, ಈ ವಂಶಾವಳಿಯ ಕೊನೆಯ ಕೂಸು ಅಲ್ಲಿದೆ.

ಆದರೆ ವಿದ್ಯಾರ್ಥಿಗಳು ಎಡವುವ ಜಾಗ ಬೇರೆಯೇ ಇದೆ. ಈ ಸರಪಳಿಯನ್ನು ದೂರದ ಮೇಲೆ ಅಳೆದಿರುತ್ತಾರೆ, ಪ್ರತಿ ಕೆಲವು ಮೀಟರಿಗೆ ಒಂದು ಹೆಜ್ಜೆ. ನೀವು ಅನುಕರಿಸುವುದು ಕಾಲದ ಮೇಲೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಸಾಗುತ್ತೀರಿ, 2.5 ಗಿಗಾಹರ್ಟ್ಸ್‌ನ ತರಂಗಾಂತರ 12 ಸೆಂಟಿಮೀಟರ್, ಆದ್ದರಿಂದ ಚಲನೆಯಿಂದ ಆವರ್ತನದಲ್ಲಾಗುವ ಡಾಪ್ಲರ್ ಹರವು 83 ಹರ್ಟ್ಸ್‌ನ ಆಸುಪಾಸು. ಬಸ್ಸು ಸಿಗ್ನಲ್ ಕಂಬದ ಬಳಿ ನಿಂತಿತು ಎನ್ನಿ, ಎಲ್ಲವೂ ಹೆಪ್ಪುಗಟ್ಟುತ್ತದೆ. ಓಡುವ ಬಸ್ಸಿಗೆ ಅರ್ಧ ಸೆಕೆಂಡಿನ ಕುಸಿತವನ್ನು, ದತ್ತಾಂಶವನ್ನು ಕಾಲದಲ್ಲಿ ಹರಡಿ ಕಳುಹಿಸುವ ಇಂಟರ್ಲೀವರ್ ನುಂಗಿಕೊಳ್ಳುತ್ತದೆ. ನಿಂತ ಬಸ್ಸು ಮಳೆಮರದ ದಪ್ಪ ಕೊಂಬೆಯ ಕೆಳಗೇ ಸಿಕ್ಕಿಬಿದ್ದರೆ ಎರಡು ನಿಮಿಷ ಅದೇ ಕುಸಿತ. ಸಂಭವನೀಯತೆಯ ರೇಖೆ ಎರಡಕ್ಕೂ ಒಂದೇ, ಆದರೆ ಸಂದೇಶ ತಲುಪುವ ಕಥೆ ಒಂದೇ ಅಲ್ಲ.

ಸಾಲುಮರ

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ತಂಡದಲ್ಲಿ ಜೀಪಿನ ಮೇಲೆ ಆಂಟೆನಾ ಕಟ್ಟಿಕೊಂಡು ಮೂರು ದಿನ ಅಲೆದೆವು. ಗಡಿಯಾರದ ಪ್ರಕಾರ ಮಾದರಿ ತೆಗೆದುಕೊಳ್ಳುವಂತೆ ರಿಸೀವರನ್ನು ಹೊಂದಿಸಿದ್ದೆವು, ಚಕ್ರದ ಸುತ್ತನ್ನು ಎಣಿಸುವ ಸಾಧನ ಜೋಡಿಸಿದ್ದರೂ ಅದರ ತಂತಿ ಮೊದಲ ದಿನವೇ ಕಿತ್ತುಹೋಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಕೊನೆಗೆ ಅಂಕಿಗಳನ್ನು ಜೋಡಿಸಿ ನೋಡಿದರೆ ನಗರದ ಚಾನೆಲ್ಲಿನ ಬಹುಭಾಗ ಒಂದೇ ಒಂದು ಮರದ ಗುಣವನ್ನು ಹೇಳುತ್ತಿತ್ತು. ಆ ಮರ ಇದ್ದದ್ದು ನಾವು ಪ್ರತಿ ಸಲವೂ ಸಿಕ್ಕಿಹಾಕಿಕೊಳ್ಳುತ್ತಿದ್ದ ಒಂದು ವೃತ್ತದ ಪಕ್ಕದಲ್ಲಿ.

ಎಂಟೆಕ್_ಎರಡನೇ_ವರ್ಷ

ಹಾಗಾದರೆ ಸ್ಥಿತಿಗಳ ಸರಪಳಿಯನ್ನು ದೂರದ ಮೇಲೆ ನಡೆಸಿ, ವಾಹನದ ವೇಗದ ದಾಖಲೆಯನ್ನು ಬೇರೆಯಾಗಿ ತಂದು ಎರಡನ್ನೂ ಹೊಲಿಯಬೇಕು, ಅಲ್ಲವೇ? ವೇಗ ಸೊನ್ನೆಯಾದಾಗ ಸರಪಳಿ ಮುಂದಕ್ಕೆ ಹೋಗುವುದಿಲ್ಲ.

ಹಳೆಯ_ರಿಸೀವರ್

ಅಷ್ಟೇ. ಇನ್ನೊಂದು ಎಚ್ಚರಿಕೆ ಕೊಡುತ್ತೇನೆ. ಸಾದಾ ಮಾರ್ಕೊವ್ ಸರಪಳಿಯಲ್ಲಿ ಒಂದು ಸ್ಥಿತಿಯ ಉದ್ದ ಚಿಕ್ಕದಾಗಿದ್ದಷ್ಟೂ ಅದರ ಸಂಭವ ಹೆಚ್ಚು ಎಂದಾಗುತ್ತದೆ. ಅರ್ಧ ಮೀಟರ್ ಅಗಲದ ಮೇಲ್ಸೇತುವೆಯನ್ನು ಯಾರಾದರೂ ಕಟ್ಟಿದ್ದಾರೆಯೇ? ಅದಕ್ಕಾಗಿಯೇ ಈಚಿನ ಮಾದರಿಗಳು ಸ್ಥಿತಿಯ ಉದ್ದಕ್ಕೆ ಪ್ರತ್ಯೇಕ ವಿತರಣೆಯನ್ನು ಕೊಡುವ ಅರೆ ಮಾರ್ಕೊವ್ ದಾರಿ ಹಿಡಿದಿವೆ.

ಕೆಳಕಕ್ಷೆ

ಇಡೀ ಚರ್ಚೆ ಮೂವತ್ತು ವರ್ಷ ಹಿಂದೆ ನಿಂತಿದೆ ಎಂದು ಹೇಳಲು ಕ್ಷಮೆ ಇರಲಿ. ಈಗ ಜಗತ್ತು 600 ಕಿಲೋಮೀಟರ್ ಎತ್ತರದ ಉಪಗ್ರಹಗಳ ಕಡೆ ಓಡುತ್ತಿದೆ. ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಒಕ್ಕೂಟ ತನ್ನ 17ನೇ ಆವೃತ್ತಿಯಲ್ಲಿ ಉಪಗ್ರಹಗಳನ್ನು 5ಜಿ ಒಳಗೇ ಸೇರಿಸಿಕೊಂಡಿತು. ಅಲ್ಲಿ ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತದೆ, ದಿಗಂತದ ಬಳಿ 2 ಗಿಗಾಹರ್ಟ್ಸ್‌ಗೆ ಡಾಪ್ಲರ್ 45 ಕಿಲೋಹರ್ಟ್ಸ್ ತಲುಪುತ್ತದೆ. ನಿಮ್ಮ 83 ಹರ್ಟ್ಸ್ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ನೆತ್ತಿಯ ಮೇಲಿರುವಾಗ ದೂರ 600 ಕಿಲೋಮೀಟರ್, 10 ಡಿಗ್ರಿ ಎತ್ತರದಲ್ಲಿರುವಾಗ 1,900 ದಾಟುತ್ತದೆ, ಯಾವ ಮರವೂ ಇಲ್ಲದೆ 10 ಡೆಸಿಬೆಲ್ ವ್ಯತ್ಯಾಸ ಅಲ್ಲೇ ಬರುತ್ತದೆ.

ಲಘುಗಣಕ

45 ಕಿಲೋಹರ್ಟ್ಸ್ ದೊಡ್ಡದೇ, ಆದರೆ ಅದು ಪಂಚಾಂಗದಂತೆ ಮೊದಲೇ ಗೊತ್ತಿರುವ ಅಂಕಿ. ಕಕ್ಷೆ ಗೊತ್ತಿದ್ದರೆ ಟರ್ಮಿನಲ್ ಅದನ್ನು ಮುಂಚಿತವಾಗಿ ಕಳೆದುಬಿಡುತ್ತದೆ. 83 ಹರ್ಟ್ಸ್ ಎಂಬುದು ನಾಲ್ಕು ದಿಕ್ಕಿನ ಚದುರಿದ ಕಿರಣಗಳ ಹರವು, ಅದನ್ನು ಕಳೆಯಲು ಬರುವುದಿಲ್ಲ. ಚಿಕ್ಕದು ಎಂದು ಹೀಯಾಳಿಸಿದ್ದೇ ನಿಜವಾಗಿ ಕಾಡುವುದು.

ಸಾಲುಮರ

ಅದಲ್ಲದೆ ಕೆಳಕಕ್ಷೆಯ ಉಪಗ್ರಹವೊಂದು ಹತ್ತು ನಿಮಿಷದಲ್ಲಿ ಆಕಾಶದ ಈ ಅಂಚಿನಿಂದ ಆ ಅಂಚಿಗೆ ಹೋಗುವಾಗ ಒಟ್ಟಾವಾದ ಕೋನ, ಯುರೋಪಿನ ಮ್ಯೂನಿಕ್‌ನ ಕೋನ, ಬೆಂಗಳೂರಿನ ಕೋನ ಎಲ್ಲವನ್ನೂ ಹಾದುಹೋಗುತ್ತದೆ. ಪ್ರತಿ ಕೋನಕ್ಕೂ ಬೇರೆ ನಿಯತಾಂಕ ಬೇಕು. ನೀವು ನನ್ನ ವಾದವನ್ನೇ ಬಲಪಡಿಸಿದಿರಿ, ಧನ್ಯವಾದ.

ಕಡಲತಡಿ

ಮರ, ಸೇತುವೆ ಎರಡೂ ಇಲ್ಲದ ಕಡೆಯಿಂದ ಒಂದು ಮಾತು. ನಾನು ಮಲ್ಪೆಯವನು, ದೋಣಿಗಳಲ್ಲಿ ಕೂರಿಸುವ ಉಪಗ್ರಹ ಸಂದೇಶ ಸಾಧನಗಳ ಕೆಲಸದಲ್ಲಿದ್ದೇನೆ. ಸಮುದ್ರದಲ್ಲಿ ಆಕಾಶ ಪೂರ್ತಿ ತೆರೆದಿರುವುದರಿಂದ ಚಾನೆಲ್ ಸುಲಭ ಎಂದು ಪೇಟೆಯವರು ತಿಳಿಯುತ್ತಾರೆ. ಅಲ್ಲಿ ನೀರೇ ಕನ್ನಡಿ. ಉಪಗ್ರಹ ತಗ್ಗಿನಲ್ಲಿದ್ದರೆ ಅಲೆಗಳ ಮೇಲಿಂದ ಪ್ರತಿಫಲಿಸಿದ ಕಿರಣ ನೇರ ಕಿರಣದೊಂದಿಗೆ ಕೂಡಿ ಕಳೆದು ಆಟವಾಡುತ್ತದೆ. ನಮ್ಮ ಪುಣ್ಯಕ್ಕೆ ಉಪಗ್ರಹ ಎತ್ತರದಲ್ಲಿದೆ; ಎತ್ತರದ ಕೋನದಲ್ಲಿ ನೀರಿನಿಂದ ಮರಳುವ ವೃತ್ತಾಕಾರ ಧ್ರುವೀಕರಣ ಬಲಗೈಯಿಂದ ಎಡಗೈಗೆ ತಿರುಗಿಕೊಳ್ಳುತ್ತದೆ, ಬಲಗೈ ಆಂಟೆನಾ ಅದನ್ನು ಬಹುಪಾಲು ತಿರಸ್ಕರಿಸುತ್ತದೆ. ಆದರೂ ಗಾಳಿಗೆ ದೋಣಿ ಓಲಾಡುವಾಗ ಆಂಟೆನಾದ ಕೆಳಬದಿ ನೀರಿಗೆ ಮುಖ ಮಾಡುತ್ತದೆ, ಆಗ ನೋಡಬೇಕು ಗ್ರಾಫನ್ನು. ನಮಗೆ ಮರದ ಬದಲು ವ್ಹೀಲ್‌ಹೌಸಿನ ಕಬ್ಬಿಣದ ಕಂಬ. ಬಲೆ ಎಳೆಯಲು ದೋಣಿ ಸುತ್ತು ಹೊಡೆದಂತೆಲ್ಲ ಅದು ಉಪಗ್ರಹಕ್ಕೆ ಅಡ್ಡ ಬರುತ್ತದೆ, ಇದಕ್ಕೆ ಯಾವ ಮಾರ್ಕೊವ್ ಬೇಕು, ಮೀನಿನ ಹಿಂಡನ್ನು ಕೇಳಬೇಕು.

ಆಗುಂಬೆ_ಮೋಡ

ಮಳೆಯನ್ನು ಯಾರೂ ಮಾದರಿಯಲ್ಲಿ ಸೇರಿಸಲಿಲ್ಲವಲ್ಲ.

ಹಳೆಯ_ರಿಸೀವರ್

2.5 ಗಿಗಾಹರ್ಟ್ಸ್‌ಗೆ ನಿಮ್ಮೂರಿನ ಮಳೆಯೂ ಲೆಕ್ಕಕ್ಕಿಲ್ಲ. 20 ಗಿಗಾಹರ್ಟ್ಸ್‌ಗೆ ಹೋದರೆ ಗಂಟೆಗೆ 50 ಮಿಲಿಮೀಟರ್ ಸುರಿಯುವಾಗ ಪ್ರತಿ ಕಿಲೋಮೀಟರಿಗೆ ಐದಾರು ಡೆಸಿಬೆಲ್ ಹೋಗುತ್ತದೆ, ಆಗ ನಿಮ್ಮ ಹೆಸರೇ ಸಾಕು ಲಿಂಕ್ ಬಜೆಟ್ (ಸಿಗ್ನಲ್ ಶಕ್ತಿಯ ಆಯವ್ಯಯದ ಲೆಕ್ಕ) ಮುರಿಯಲು.

ನರಜಾಲ

ಇಷ್ಟೆಲ್ಲ ವಿತರಣೆಗಳ ಗೋಜು ಏಕೆ? ನಗರದ ಮೂರು ಆಯಾಮದ ನಕ್ಷೆ ತೆಗೆದುಕೊಂಡು ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸಿ, ಫಲಿತಾಂಶವನ್ನು ನ್ಯೂರಲ್ ನೆಟ್‌ವರ್ಕಿಗೆ ಕಲಿಸಿದರೆ ಮುಗಿಯಿತು.

ಗಣಿತಪ್ರಿಯ

ನಕ್ಷೆಯಲ್ಲಿ ಕಟ್ಟಡಗಳಿರುತ್ತವೆ, ಕೊಂಬೆಗಳಿರುವುದಿಲ್ಲ. ಸಾಲುಮರ ಹೇಳಿದಂತೆ ಇಲ್ಲಿ ಆಟವಿರುವುದೇ ಕೊಂಬೆಗಳಲ್ಲಿ. ಮೇಲ್ಸೇತುವೆಯ ಭಾಗವನ್ನು ನಕ್ಷೆಯಿಂದ ತೆಗೆಯಿರಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಎಲೆಗಳನ್ನು ಲೂಗೆ ಬಿಡಿ.

ಎಂಟೆಕ್_ಎರಡನೇ_ವರ್ಷ

ಈಗ ನನಗೆ ಬೇಕಾಗಿರುವುದು 73 ಡಿಗ್ರಿಯಲ್ಲಿ ಅಳೆದ ಮೂರು ಅಂಕಿಗಳು. ಅಳೆಯಲು ಉಪಗ್ರಹದಲ್ಲಿ ಸಮಯ ಕೊಡಿ ಎಂದು ಯಾರನ್ನು ಕೇಳಲಿ? ನನ್ನ ಕೈಯಲ್ಲಿರುವುದು ಲ್ಯಾಪ್‌ಟಾಪು, ಸ್ನೇಹಿತನ ಸ್ಕೂಟರು.

ಹಳೆಯ_ರಿಸೀವರ್

ಯಾರನ್ನೂ ಕೇಳಬೇಡಿ. ಭಾರತದ ಸ್ಥಾನನಿರ್ದೇಶನ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳು ಎಸ್ ಬ್ಯಾಂಡಿನ 2492.028 ಮೆಗಾಹರ್ಟ್ಸ್‌ನಲ್ಲಿ ಹಗಲೂ ರಾತ್ರಿ ಸಂಕೇತ ಸುರಿಸುತ್ತಿವೆ, ನಿಮ್ಮ ಆವರ್ತನಕ್ಕೆ ಕೂದಲೆಳೆಯಷ್ಟೇ ದೂರ. ಎಸ್ ಬ್ಯಾಂಡ್ ಹಿಡಿಯುವ ರಿಸೀವರನ್ನು ನಿಮ್ಮ ವಿಭಾಗದಲ್ಲೋ ಪಕ್ಕದ ಕಾಲೇಜಿನಲ್ಲೋ ಎರವಲು ಪಡೆಯಿರಿ, ಎತ್ತರದ ಕೋನದಲ್ಲಿರುವ ಉಪಗ್ರಹವೊಂದನ್ನು ಆರಿಸಿ ಸಂಕೇತ ಮತ್ತು ಗದ್ದಲದ ಅನುಪಾತವನ್ನು ದಾಖಲಿಸಿ.

ಲಘುಗಣಕ

ಎರಡು ಹಳ್ಳಗಳಿವೆ, ನೋಡಿಕೊಂಡು ದಾಟಿ. ಒಂದನೆಯದು, ರಿಸೀವರ್ ಸೆಕೆಂಡಿಗೆ ಒಂದೇ ಅಂಕಿ ಕೊಟ್ಟರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಅದು 10 ಮೀಟರಿನ, ಅಂದರೆ 80ಕ್ಕೂ ಹೆಚ್ಚು ತರಂಗಾಂತರಗಳ ಸರಾಸರಿ. ಚದುರಿದ ಕಿರಣಗಳ ಕುಣಿತವೆಲ್ಲ ಅಳಿಸಿಹೋಗಿ ನೆರಳು ಮಾತ್ರ ಉಳಿಯುತ್ತದೆ. ಕಚ್ಚಾ ಅಂಕಿಗಳು ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ. ಎರಡನೆಯದು, ಆಳವಾದ ಕುಸಿತದಲ್ಲಿ ರಿಸೀವರ್ ಹಿಡಿತ ತಪ್ಪಿ ಅಂಕಿಯನ್ನೇ ಬರೆಯುವುದಿಲ್ಲ. ಆ ಖಾಲಿ ಸಾಲುಗಳನ್ನು ಕಿತ್ತುಹಾಕಿ ಲೂ ವಿತರಣೆಯನ್ನು ಹೊಂದಿಸಿದರೆ ಅತಿ ಕೆಟ್ಟ ಕ್ಷಣಗಳೇ ಲೆಕ್ಕದಿಂದ ತಪ್ಪಿಸಿಕೊಂಡು, ನಿಮ್ಮ ಮಾರ್ಗದರ್ಶಕರು ಇನ್ನೊಮ್ಮೆ ಅದೇ ಪ್ರಶ್ನೆಯನ್ನು ಕೇಳುತ್ತಾರೆ.

ಸಾಲುಮರ

ಮೂರನೆಯ ಹಳ್ಳ ನನ್ನದು. ಮಳೆಮರ ಸಂಜೆಯಾದರೆ ಎಲೆ ಮಡಚುತ್ತದೆ, ಮೋಡ ಕವಿದರೂ ಮಡಚುತ್ತದೆ. ಮಧ್ಯಾಹ್ನದ ನೆರಳೂ ರಾತ್ರಿ ಎಂಟರ ನೆರಳೂ ಡೆಸಿಬೆಲ್ಲಿನಲ್ಲಿ ಒಂದೇ ಇರುತ್ತವೆಯೇ? ಒಂದೇ ರಸ್ತೆಯಲ್ಲಿ ಎರಡೂ ಹೊತ್ತು ಓಡಾಡಿ ನೋಡಿ. ಇದಕ್ಕೆ ಉತ್ತರ ಒಟ್ಟಾವಾದಲ್ಲಿ ಸಿಗುವುದಿಲ್ಲ.

ತುಂಬಾ_ರಾಕೆಟ್

ಸಂಜೆ ಎಂದರೆ ನಾನು ಬಾಯಿ ಹಾಕಲೇಬೇಕು. ಭೂಮಿಯ ಕಾಂತೀಯ ಸಮಭಾಜಕ ಹಾಯುವುದು ನಮ್ಮ ದೇಶದ ದಕ್ಷಿಣ ತುದಿಯ ಮೇಲೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಉಡಾವಣಾ ಕೇಂದ್ರ ಎದ್ದಿದ್ದೂ ಅದೇ ಕಾರಣಕ್ಕೆ. ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್, ಏಪ್ರಿಲ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಮೇಲ್ವಾತಾವರಣದ ವಿದ್ಯುದಾವಿಷ್ಟ ಪದರವಾದ ಅಯಾನುಗೋಲದಲ್ಲಿ ಗುಳ್ಳೆಗಳೆದ್ದು ಉಪಗ್ರಹದ ಸಂಕೇತ ಮಿನುಗತೊಡಗುತ್ತದೆ. ಆವರ್ತನ ಏರಿದಂತೆ ಇದು ತಗ್ಗುತ್ತದೆ ನಿಜ, ನಾವಿಕ್‌ನ ಇನ್ನೊಂದು ಆವರ್ತನವಾದ ಎಲ್5ನ 1176 ಮೆಗಾಹರ್ಟ್ಸ್‌ಗೆ ಹೋಲಿಸಿದರೆ ಎಸ್ ಬ್ಯಾಂಡಿನಲ್ಲಿ ಸುಮಾರು ಮೂರನೇ ಒಂದು ಭಾಗ, ಆದರೂ ಸೊನ್ನೆಯಲ್ಲ. ರಾತ್ರಿ ಎಂಟಕ್ಕೆ ಕಂಡ ಏರಿಳಿತ ಎಲೆಯದೋ ಅಯಾನುಗೋಲದ್ದೋ ಎಂದು ಸ್ಕೂಟರಿನ ಮೇಲೆ ಕುಳಿತು ಹೇಗೆ ಹೇಳುತ್ತೀರಿ?

ಗಣಿತಪ್ರಿಯ

ಎರಡು ರಿಸೀವರ್ ಬೇಕು. ಒಂದು ಸ್ಕೂಟರಿನ ಮೇಲೆ, ಇನ್ನೊಂದು ಆಕಾಶ ತೆರೆದಿರುವ ತಾರಸಿಯ ಮೇಲೆ ಅಲುಗಾಡದೆ. ತಾರಸಿಯದು ಮಿನುಗಿದ ಹೊತ್ತನ್ನು ಸ್ಕೂಟರಿನ ದಾಖಲೆಯಿಂದ ತೆಗೆದುಹಾಕಿ, ಉಳಿದದ್ದು ಮರದ್ದು.

ಎಂಟೆಕ್_ಎರಡನೇ_ವರ್ಷ

ಮೊದಲ ಪ್ರಶ್ನೆ ಬಗೆಹರಿಯಿತು: 8.686ರಿಂದ ಗುಣಿಸಿದ ಮೇಲೆ ರೇಖೆ -29ಕ್ಕೆ ಬಂದು ಕುಳಿತಿದೆ. ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಒಂದು ಕ್ಷಣ ನೋಡಿ, ಸರಿ, ಇದು ಯಾವ ಊರಿನ ಮರ ಎಂದು ಕೇಳಿದರು. ಸಾಲುಮರ ಅವರೇ, ನೀವು ಅವರಲ್ಲ ತಾನೇ?

ಒಂದು ಎಸ್ ಬ್ಯಾಂಡ್ ರಿಸೀವರ್ ನಮ್ಮ ಪ್ರಯೋಗಾಲಯದ ಕಪಾಟಿನಲ್ಲೇ ಸಿಕ್ಕಿದೆ, ತಾರಸಿಯ ಬೀಗದ ಕೈಗೆ ಅರ್ಜಿ ಹಾಕಿದ್ದೇನೆ. ಎರಡನೆಯ ರಿಸೀವರನ್ನು ಎರಡು ವಾರಕ್ಕೆ ಎರವಲು ಕೊಡುವವರು ಇಲ್ಲಿ ಯಾರಾದರೂ ಇದ್ದಾರೆಯೇ? ಸ್ಕೂಟರಿನ ಚಕ್ರಕ್ಕೆ ಸುತ್ತು ಎಣಿಸುವ ಸಾಧನವನ್ನು ನಾನೇ ಕಟ್ಟುತ್ತೇನೆ, ತಂತಿಯನ್ನು ದಿನಕ್ಕೆ ಎರಡು ಸಲ ಎಳೆದು ನೋಡುತ್ತೇನೆ.